ಅರಸರಿಗೆ ತಾಮ್ರಪಟ, ಒಕ್ಕಲು ಮನೆಗೆ ಹೆಳವನ ಹೊತ್ತಿಗೆ

ರಾಷ್ಟ್ರಕೂಟ ಅರಸರ ವಂಶಾವಳಿಯನ್ನು ಶಾಲೆಯ ಹುಡುಗರೂ ಒಪ್ಪಿಸಬಲ್ಲರು. ದಂತಿದುರ್ಗ, ಅವನ ಚಿಕ್ಕಪ್ಪ ಒಂದನೆಯ ಕೃಷ್ಣ, ಕೃಷ್ಣನ ಮಕ್ಕಳಾದ ಇಮ್ಮಡಿ ಗೋವಿಂದ ಮತ್ತು ಧ್ರುವ, ಧ್ರುವನ ಮಗ ಮೂರನೆಯ ಗೋವಿಂದ, ಅವನ ಮಗ ಅಮೋಘವರ್ಷ ನೃಪತುಂಗ. ಸುಮಾರು ಸಾವಿರದ ಇನ್ನೂರು ವರ್ಷ ಹಿಂದಿನ ಈ ಸರಪಳಿ ತುಂಡಾಗದೆ ನಮ್ಮ ಕೈಸೇರಿದ್ದು ತಾಮ್ರಪಟಗಳಿಂದ. ಅಮೋಘವರ್ಷನ ಕಾಲದ, ಕ್ರಿ.ಶ. 871ರ ಸಂಜಾನ ತಾಮ್ರಪಟ ಅಂಥವುಗಳಲ್ಲಿ ಪ್ರಸಿದ್ಧವಾದುದು.

ಈ ಅರಸರ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಮಳಖೇಡ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಅದೇ ದಂಡೆಯಲ್ಲಿ ಇವತ್ತು ಜೋಳ, ತೊಗರಿ ಬೆಳೆಯುವ ರೈತನನ್ನು ‘ನಿಮ್ಮ ಮುತ್ಯಾನ ಮುತ್ಯಾನ ಹೆಸರೇನು?’ ಎಂದು ಕೇಳಿ ನೋಡಿ. ಮುತ್ಯಾನ ಹೆಸರು ಬಂದೀತು, ಅವರಪ್ಪನ ಹೆಸರೂ ಬಂದೀತು. ಮುಂದೆ ಮೌನ. ಆ ಹೆಸರಿನ ಮನುಷ್ಯ ಬದುಕಿದ್ದು ಸಾವಿರ ವರ್ಷಗಳ ಹಿಂದೆ ಅಲ್ಲ, ನೂರೈವತ್ತು ವರ್ಷಗಳ ಹಿಂದೆ. ಅವನು ಉತ್ತ ಹೊಲ ಇನ್ನೂ ಅಲ್ಲೇ ಇದೆ.

ಹಾಗಾದರೆ ಹತ್ತೊಂಬತ್ತನೆಯ ಶತಮಾನದ ಒಂದು ಸಾಧಾರಣ ಒಕ್ಕಲು ಮನೆತನದ ಬೇರನ್ನು ಹುಡುಕಲು ಸಾಧ್ಯವೆ? ಸಾಧ್ಯ. ಆದರೆ ಅದು ಒಂದೇ ಕಡೆ ಸಿಗುವುದಿಲ್ಲ. ಸರ್ಕಾರ ಹೊಲದ ಲೆಕ್ಕ ಇಟ್ಟಿತು. ಮನೆಯ ಲೆಕ್ಕವನ್ನು ಎತ್ತಿನ ಮೇಲೆ ಬರುವ ಹೆಳವ ಇಟ್ಟ. ಈ ಇಬ್ಬರೂ ಬಿಟ್ಟದ್ದನ್ನು ಮನೆಯ ಹಿರಿಯ ಹೆಂಗಸರು ನೆನಪಿನಲ್ಲಿ ಇಟ್ಟುಕೊಂಡರು. ಮೂರನ್ನೂ ಕೂಡಿಸಿದಾಗ ಮಾತ್ರ ವಂಶವೃಕ್ಷಕ್ಕೆ ಕೊಂಬೆಗಳು ಮೂಡುತ್ತವೆ. ಮೂರೂ ಈಗ ಬೇಗಬೇಗ ಕೈಜಾರುತ್ತಿರುವುದು ಚಿಂತೆಯ ಮಾತು.

ಯಾವ ಮುಧೋಳ?

ಹುಡುಕುವವನು ಎಡವುವ ಮೊದಲ ಕಲ್ಲು ಊರಿನ ಹೆಸರು. ಸೇಡಂ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪ, ಮುಧೋಳ ಎಂಬ ದೊಡ್ಡ ಊರಿದೆ. ಮುಧೋಳ ಎಂದಕೂಡಲೆ ಕರ್ನಾಟಕದ ಬಹುಪಾಲು ಜನರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಮುಧೋಳ: ಕವಿ ರನ್ನನ ಊರು, ಘೋರ್ಪಡೆ ಮನೆತನದ ಸಂಸ್ಥಾನ, ಬೇಟೆನಾಯಿಗಳ ತವರು. ಇವೆರಡಲ್ಲದೆ ಮೂರನೆಯದೊಂದು ಮುಧೋಳ ಗೋದಾವರಿ ಸೀಮೆಯಲ್ಲಿದೆ. 1956ರವರೆಗೆ ಅದು ನಾಂದೇಡ ಜಿಲ್ಲೆಯ ತಾಲ್ಲೂಕಾಗಿತ್ತು; ಈಗ ತೆಲಂಗಾಣದ ನಿರ್ಮಲ್ ಜಿಲ್ಲೆಗೆ ಸೇರಿದೆ.

ಬಾಗಲಕೋಟೆಯ ಮುಧೋಳ ಬೇರೆ ಸಂಸ್ಥಾನವಾದ್ದರಿಂದ ಅದರ ಕಾಗದಪತ್ರ ಬೇರೆ ಕಡೆ ಇರುತ್ತದೆ. ಉಳಿದೆರಡು ಮುಧೋಳಗಳೂ ನಿಜಾಮರ ಒಂದೇ ರಾಜ್ಯದಲ್ಲಿದ್ದವು. ಹೈದರಾಬಾದಿನ ದಫ್ತರದಲ್ಲಿ ‘ಮುಧೋಳ’ ಎಂದು ಕಂಡದ್ದನ್ನೆಲ್ಲ ತನ್ನ ಊರಿನದೆಂದು ಎತ್ತಿಕೊಂಡವನು ಯಾರದೋ ಮುತ್ಯಾನನ್ನು ತನ್ನವನೆಂದು ಕರೆದಂತಾಗುತ್ತದೆ. ಆದ್ದರಿಂದ ಊರಿನ ಜೊತೆಗೆ ತಾಲ್ಲೂಕು, ಜಿಲ್ಲೆ, ಸುತ್ತಲಿನ ಎರಡು ಮೂರು ಹಳ್ಳಿಗಳ ಹೆಸರು ನೋಡಿಯೇ ಮುಂದಿನ ಹೆಜ್ಜೆ ಇಡಬೇಕು.

ಅಮೆರಿಕದ ರೈತ, ನಮ್ಮ ರೈತ

ಕೃಷಿಕ ಕುಟುಂಬಗಳ ಬೇರು ಹುಡುಕುವುದು ಅಮೆರಿಕದಲ್ಲಿ ಸಾಮಾನ್ಯ ಜನರ ಹವ್ಯಾಸವೇ ಆಗಿದೆ. ಅಲ್ಲಿ ಅದು ಸುಲಭವಾದದ್ದಕ್ಕೆ ಕಾರಣವಿದೆ. 1850ರ ಜನಗಣತಿಯಿಂದ ಮನೆಯ ಯಜಮಾನನ ಹೆಸರಷ್ಟೇ ಅಲ್ಲ, ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ವಯಸ್ಸನ್ನೂ ಬರೆದುಕೊಂಡರು. 1880ರಲ್ಲಿ ಯಜಮಾನನಿಗೆ ಅವರು ಏನಾಗಬೇಕು ಎಂಬುದನ್ನೂ ಸೇರಿಸಿದರು. ಎಷ್ಟು ಎಕರೆ, ಎಷ್ಟು ದನ, ಎಷ್ಟು ಧಾನ್ಯ ಎಂಬ ಕೃಷಿಯ ಪಟ್ಟಿಯೂ ಜೊತೆಗಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಪಡೆದ ರೈತ ಐದು ವರ್ಷ ಅಲ್ಲಿ ನೆಲೆಸಿ ಸಾಗುವಳಿ ಮಾಡಿದ್ದಕ್ಕೆ ಸಾಕ್ಷಿ ಕೊಡಬೇಕಿತ್ತು. ಆ ಕಡತಗಳೂ ಉಳಿದಿವೆ. ಮನೆಯ ಬೈಬಲ್ಲಿನ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿ ಬೇರೆ. 72 ವರ್ಷ ಕಳೆದ ಮೇಲೆ ಅಲ್ಲಿನ ಗಣತಿಯ ಮೂಲ ಹಾಳೆಗಳು ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆಯಿತು.

ಅಲ್ಲಿಯೂ ಕತ್ತಲ ಮೂಲೆಗಳಿವೆ. 1890ರ ಗಣತಿಯ ಹಾಳೆಗಳಲ್ಲಿ ಹೆಚ್ಚಿನವು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಗೆ ಹಾಳಾದವು. ಅದಕ್ಕಿಂತ ದೊಡ್ಡ ಕತ್ತಲು ಬೆಂಕಿಯಿಂದ ಆದದ್ದಲ್ಲ. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆ ಬೇರೆ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಬಣ್ಣ ಮಾತ್ರ. ಹೆಸರು ಬರೆಯುವುದು ವಿರಳ. ಕಪ್ಪು ಜನರ ಬಹುಪಾಲು ಮನೆತನಗಳ ಹುಡುಕಾಟ 1870ರ ಗಣತಿಗೆ ಬಂದು ಗೋಡೆಗೆ ಬಡಿದಂತೆ ನಿಲ್ಲುವುದು ಇದೇ ಕಾರಣಕ್ಕೆ. ಹೊಲ ಯಾರದೆಂಬುದು ತಿಳಿಯುತ್ತದೆ, ಅದರಲ್ಲಿ ದುಡಿದವರು ಯಾರೆಂಬುದು ತಿಳಿಯುವುದಿಲ್ಲ. ಈ ಮಾತು ನಮಗೂ ಅನ್ವಯಿಸುತ್ತದೆ, ಮುಂದೆ ನೋಡೋಣ.

ನಮ್ಮಲ್ಲಿಯೂ ಜನಗಣತಿ ಇತ್ತು. ಹೈದರಾಬಾದ್ ರಾಜ್ಯದಲ್ಲಿ ಅದು 1881ರಲ್ಲಿ ಆರಂಭವಾಯಿತು. ಆದರೆ ಅದರಿಂದ ನಮಗೆ ಉಳಿದದ್ದು ಒಟ್ಟು ಅಂಕಿಗಳು, ಮನುಷ್ಯರ ಹೆಸರುಗಳಲ್ಲ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯ್ದೆಯಂತೂ ಗಣತಿಯ ಹಾಳೆಗಳನ್ನು ಯಾರೂ ನೋಡಕೂಡದು, ಅವು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗವು ಎಂದು ವಿಧಿಸಿತು. ಹಾಗಾಗಿ ಅಮೆರಿಕದವರಿಗೆ ಹೆದ್ದಾರಿಯಾದ ಗಣತಿ ನಮಗೆ ಮುಚ್ಚಿದ ಬಾಗಿಲು. ನಾವು ಹೊಲದ ದಾರಿ ಹಿಡಿಯಬೇಕು.

ಹೊಲ ಹೇಳುವ ಹೆಸರುಗಳು

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ನಿಜಾಮರ ರಾಜ್ಯದ ಕಂದಾಯವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಹೆಚ್ಚು ಹಣ ಒಪ್ಪಿಕೊಂಡ ಗುತ್ತಿಗೆದಾರ ಊರಿನಿಂದ ಎಷ್ಟು ಕಿತ್ತುಕೊಂಡರೂ ಕೇಳುವವರಿರಲಿಲ್ಲ. ಅವನಿಗೆ ಬೇಕಾದದ್ದು ಊರಿನ ಒಟ್ಟು ಮೊತ್ತ. ರೈತನ ಹೆಸರು ಯಾಕೆ ಬೇಕು? ಹೆಸರುಗಳೇನಿದ್ದರೂ ಊರಿನ ಕುಲಕರ್ಣಿಯ ದಫ್ತರದಲ್ಲಿ, ಕೆಲವೆಡೆ ಮೋಡಿ ಬರಹದಲ್ಲಿ ಇರುತ್ತಿದ್ದವು.

1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಈ ಪದ್ಧತಿಯನ್ನು ಮುರಿದರು. 1865ರಲ್ಲಿ ಜಿಲ್ಲಾಬಂದಿ ಆಯಿತು. ಜಿಲ್ಲೆ, ತಾಲ್ಲೂಕುಗಳ ವ್ಯವಸ್ಥೆ ಬಂತು. ಮುಂದೆ ಬೊಂಬಾಯಿ ಮಾದರಿಯ ಭೂಮಾಪನ ನಡೆದು ಒಂದೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು, ನಂಬರಿಗೆ ಒಬ್ಬ ಪಟ್ಟಾದಾರನ ಹೆಸರು ಅಂಟಿತು. ಸಾಧಾರಣ ರೈತನೊಬ್ಬ ಸರ್ಕಾರದ ಕಾಗದದಲ್ಲಿ ಹೆಸರಾಗಿ ಹುಟ್ಟಿದ್ದು ಹೀಗೆ.

ಇಂದು ಹಿಂದಕ್ಕೆ ನಡೆಯುವವನಿಗೆ ಮೆಟ್ಟಿಲುಗಳು ತಲೆಕೆಳಗಾಗಿ ಸಿಗುತ್ತವೆ. ಇತ್ತೀಚಿನದು ಗಣಕದಲ್ಲಿ ಸಿಗುವ ಪಹಣಿ. ಅದರ ಹಿಂದೆ ಕೈಬರಹದ ಪಹಣಿ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಕೊಟ್ಟ ನಮೂನೆ 7ರ ಅರ್ಜಿಗಳು, ಭೂನ್ಯಾಯ ಮಂಡಳಿಯ ತೀರ್ಪುಗಳು. ಅದರ ಹಿಂದೆ 1954–55ರ ಖಾಸ್ರಾ ಪಹಣಿ. ಹಳೆಯ ಹೈದರಾಬಾದ್ ರಾಜ್ಯದ ಭಾಗಗಳಲ್ಲಿ ಇಂದಿಗೂ ಭೂವ್ಯಾಜ್ಯಗಳಲ್ಲಿ ಮೊದಲು ಕೇಳುವ ಕಾಗದ ಇದು. 1950ರ ಹೈದರಾಬಾದ್ ಗೇಣಿ ಕಾಯ್ದೆಯಂತೆ ತಯಾರಾದ ರಕ್ಷಿತ ಗೇಣಿದಾರರ ಪಟ್ಟಿ ಇನ್ನೊಂದು. ಇವೆಲ್ಲಕ್ಕೂ ಕೆಳಗೆ ಅಡಿಪಾಯದ ಕಲ್ಲಿನಂತೆ ಭೂಮಾಪನದ ಸೇತ್ವಾರ ಇರುತ್ತದೆ.

ಲೆಕ್ಕ ಹಾಕಿ ನೋಡಿ. 1950ರಲ್ಲಿ ಹುಟ್ಟಿದವನ ತಂದೆ 1920ರ ಸುಮಾರಿನವ, ಮುತ್ಯಾ 1890ರ ಸುಮಾರಿನವ ಎಂದಿಟ್ಟುಕೊಂಡರೆ ಖಾಸ್ರಾ ಪಹಣಿಯಲ್ಲಿ ತಂದೆ ಅಥವಾ ಮುತ್ಯಾನ ಹೆಸರು ಸಿಕ್ಕೀತು. ಸೇತ್ವಾರದಲ್ಲಿ ಮುತ್ಯಾನ ಅಪ್ಪ ಸಿಕ್ಕಾನು. ಪ್ರತಿ ಹೆಸರಿನ ಮುಂದೆ ‘ವಲದ್’ ಎಂದು ತಂದೆಯ ಹೆಸರಿರುವುದರಿಂದ ಇನ್ನೂ ಒಂದು ತಲೆ ಹಿಂದಕ್ಕೆ ಹೋಗಬಹುದು. ಅಲ್ಲಿಗೆ 1830–40ರ ಸುಮಾರಿಗೆ ಹುಟ್ಟಿದ ಒಬ್ಬ ರೈತನವರೆಗೆ ತಲುಪಿದಂತಾಯಿತು.

ಎಲ್ಲ ಊರುಗಳಿಗೂ ಒಂದೇ ದಾರಿಯಲ್ಲ. ಸೇಡಂ ನಿಜಾಮರ ಸರ್ಕಾರ ನೇರವಾಗಿ ನಡೆಸುವ ದಿವಾನಿ ತಾಲ್ಲೂಕು. ನೆರೆಯ ಚಿತ್ತಾಪುರ ಪಾಯಿಗಾ ಅಮೀರರ ಸೀಮೆ. ಪಾಯಿಗಾ ಮತ್ತು ಜಾಗೀರುಗಳಿಗೆ ಅವರದೇ ಕಚೇರಿ, ಅವರದೇ ದಫ್ತರ. 1949ರ ಆಗಸ್ಟ್ 15ರಂದು ಜಾಗೀರು ರದ್ದತಿಯ ನಿಯಮ ಬರುವವರೆಗೂ ಹೀಗೆಯೇ ನಡೆಯಿತು. ಆದ್ದರಿಂದ ಹತ್ತು ಮೈಲಿ ಅಂತರದ ಎರಡು ಹಳ್ಳಿಗಳ ಕಾಗದ ಎರಡು ಬೇರೆ ದಿಕ್ಕಿನಲ್ಲಿ ಇರಬಹುದು. ಪಟೇಲಿಕೆ ಅಥವಾ ಇನಾಮು ಇದ್ದ ಮನೆಗಳ ಅದೃಷ್ಟ ಮಾತ್ರ ಬೇರೆ. ಹಕ್ಕು ತಂದೆಯಿಂದ ಮಗನಿಗೆ ಹೋಗುವಾಗ ‘ವಿರಾಸತ್’ ವಿಚಾರಣೆ ನಡೆದು ಮನೆತನದ ‘ಶಜರಾ’, ಎಂದರೆ ವಂಶವೃಕ್ಷವನ್ನೇ ಕಡತಕ್ಕೆ ಸೇರಿಸುತ್ತಿದ್ದರು.

ಓದುವಲ್ಲಿಯ ತೊಡಕು

ಕಾಗದ ಸಿಕ್ಕರೆ ಸಾಲದು, ಓದಲು ಬರಬೇಕು. ನಿಜಾಮರ ಆಡಳಿತ 1880ರ ದಶಕದವರೆಗೆ ಪಾರ್ಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ ನಡೆಯಿತು. ಕನ್ನಡದ ಹೆಸರುಗಳು ಆ ಲಿಪಿಯಲ್ಲಿ ಬೇರೆ ವೇಷ ತೊಟ್ಟವು. ಉರ್ದುವಿನಲ್ಲಿ ‘ಳ’ ಇಲ್ಲ. ಮಾಳಪ್ಪ ಅಲ್ಲಿ ಮಾಲಪ್ಪನಾಗುತ್ತಾನೆ, ಅವಸರದ ಬರಹದಲ್ಲಿ ಮಲ್ಲಪ್ಪನೂ ಆಗಬಹುದು. ಮುಧೋಳವೇ ಮುಧೋಲವಾಗುತ್ತದೆ. ‘ಬ’ ಮತ್ತು ‘ಪ’ಗಳ ನಡುವೆ ಇರುವುದು ಚುಕ್ಕೆಗಳ ವ್ಯತ್ಯಾಸ ಮಾತ್ರ; ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಸೇಡಂ ಇಂಗ್ಲಿಷ್ ಕಾಗದಗಳಲ್ಲಿ ‘ಸೇರಂ’ ಆಗಿದೆ. ಗೊತ್ತಿಲ್ಲದವನು ಸೂಚಿಯಲ್ಲಿ ಸೇಡಂ ಹುಡುಕಿ, ಸಿಗಲಿಲ್ಲವೆಂದು ಎದ್ದು ಬರುತ್ತಾನೆ.

ಇಸವಿಯೂ ನಮ್ಮ ಇಸವಿಯಲ್ಲ. ಕಾಗದದಲ್ಲಿ ಇರುವುದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ: ಫಸಲಿ 1300 ಎಂದರೆ 1890–91. ತಿಂಗಳುಗಳೂ ಆಜೂರ್, ದೈ, ಬಹಮನ್ ಎಂದು ಪಾರ್ಸಿ ಹೆಸರಿನವು.

ಮೂರನೆಯ ತೊಡಕು ನಮ್ಮದೇ ರೂಢಿಯಿಂದ ಬಂದದ್ದು. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಮಾತಿಗೆ ಹೇಳುವುದಾದರೆ, ಒಂದು ಕಾಗದದಲ್ಲಿ ‘ಶರಣಪ್ಪ ವಲದ್ ಬಸಪ್ಪ’, ಅದಕ್ಕಿಂತ ಹಳೆಯದರಲ್ಲಿ ‘ಬಸಪ್ಪ ವಲದ್ ಶರಣಪ್ಪ’, ಇನ್ನೂ ಹಳೆಯದರಲ್ಲಿ ಮತ್ತೆ ‘ಶರಣಪ್ಪ ವಲದ್ ಬಸಪ್ಪ’. ಮೊದಲನೆಯ ಶರಣಪ್ಪನೂ ಮೂರನೆಯ ಶರಣಪ್ಪನೂ ಒಬ್ಬನೇ ಎಂದು ತಿಳಿದರೆ ಎರಡು ತಲೆಮಾರು ಕಳೆದುಹೋಗುತ್ತವೆ. ಬಿಡಿಸುವ ದಾರಿ ಒಂದೇ: ಹೆಸರನ್ನಲ್ಲ, ಸರ್ವೆ ನಂಬರನ್ನೂ ವರ್ಷವನ್ನೂ ಹಿಡಿದು ನಡೆಯುವುದು.

ಎತ್ತಿನ ಮೇಲೆ ಬರುವ ವಂಶಾವಳಿ

ಸರ್ಕಾರದ ಕಾಗದ ನಿಲ್ಲುವಲ್ಲಿ ಹೆಳವ ಎದುರಾಗುತ್ತಾನೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಆ ಚಿತ್ರ ಹೊಸದಲ್ಲ. ಅಲಂಕರಿಸಿದ ಎತ್ತು, ಅದರ ಮೇಲೆ ಕಾಲು ಮುಚ್ಚುವಂತೆ ಕಂಬಳಿ ಹೊದ್ದು ಕುಳಿತ ಮನುಷ್ಯ, ಕೈಯಲ್ಲಿ ಗಂಟೆ. ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೊಗಳುತ್ತಾನೆ. ಮೂಲ ಪುರುಷ ಯಾರು, ಯಾವ ಊರಿನಿಂದ ಬಂದ, ಬರಗಾಲಕ್ಕೋ ಜಗಳಕ್ಕೋ ಊರು ಬಿಟ್ಟದ್ದು ಯಾಕೆ, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು, ಬೆಡಗು ಯಾವುದು, ಮನೆದೇವರು ಯಾರು, ಎಲ್ಲವೂ ಅದರಲ್ಲಿ ಬರುತ್ತದೆ. ಮನೆಯವರು ಕಾಳು, ಬಟ್ಟೆ, ಪಾತ್ರೆ, ಹಣ, ಅನುಕೂಲವಿದ್ದರೆ ದನವನ್ನೂ ಕೊಟ್ಟು ಕಳಿಸುತ್ತಾರೆ. ಹೋಗುವ ಮುಂಚೆ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಕೇಳಿ ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾನೆ. ಕೆಲವು ವರ್ಷ ಬಿಟ್ಟು ಮತ್ತೆ ಬರುತ್ತಾನೆ.

ಹೆಳವ ಎಂಬ ಪದಕ್ಕೆ ಕಾಲಿಲ್ಲದವನು, ಕುಂಟ ಎಂದು ಅರ್ಥ. ತಮ್ಮ ಕುಲದ ಮೂಲ ಬಸವಣ್ಣನವರ ಕಾಲದ ಒಬ್ಬ ಹೆಳವ ಭಕ್ತ ಎಂದು ಅವರ ಐತಿಹ್ಯ. ನಡೆಯಲಾರದವನು ಎತ್ತಿನ ಮೇಲೆ ಕುಳಿತು ಮನೆಮನೆಗೆ ಹೋಗುವ ಕಾಯಕ ಹಿಡಿದ. ಆ ನೆನಪಿಗೆ ಇಂದಿಗೂ ಕಾಲು ಮುಚ್ಚಿಕೊಳ್ಳುತ್ತಾರೆ. ಲಿಂಗಾಯತ, ರೆಡ್ಡಿ, ಕುರುಬ ಮೊದಲಾದ ಒಕ್ಕಲು ಮನೆಗಳು ಇವರ ಆಶ್ರಯದಾತರು. ಇಂಥ ಹೆಳವನಿಗೆ ಇಂಥ ಮನೆಗಳು ಎಂಬ ಹಂಚಿಕೆ ಇರುತ್ತದೆ. ಅದು ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುತ್ತದೆ. ಹಿಂದೆ ತಾಳೆಗರಿ, ತಾಮ್ರದ ತಗಡುಗಳಲ್ಲಿದ್ದ ದಾಖಲೆಗಳು ಕಾಲಕ್ರಮದಲ್ಲಿ ಕಾಗದದ ಹೊತ್ತಿಗೆಗಳಾದವು. ಎತ್ತಿನ ಬದಲು ಮೋಟಾರ್ ಸೈಕಲ್ಲಿನಲ್ಲಿ ಬರುವ ಹೆಳವರೂ ಈಗ ಇದ್ದಾರೆ.

ಇಂಥ ವೃತ್ತಿ ನಮ್ಮಲ್ಲಿ ಮಾತ್ರ ಇದೆ ಎಂದಲ್ಲ. ರಾಜಸ್ಥಾನದ ಭಾಟರು, ಗುಜರಾತಿನ ವಹೀವಂಚರು ಇದೇ ಕೆಲಸ ಮಾಡಿದವರು. ಹರಿದ್ವಾರ, ಗಯೆಗಳ ಪಂಡಾಗಳು ಯಾತ್ರಿಕರ ವಂಶದ ಹೆಸರುಗಳನ್ನು ಉದ್ದನೆಯ ಬಹಿಗಳಲ್ಲಿ ಬರೆದಿಟ್ಟಿದ್ದಾರೆ. ಹರಿದ್ವಾರದ ಬಹಿಗಳನ್ನು 1970ರ ದಶಕದಿಂದ ಅಮೆರಿಕದ ಯೂಟಾದ ವಂಶಾವಳಿ ಸಂಘ ಮೈಕ್ರೊಫಿಲ್ಮ್ ಮಾಡಿಸಿತು. ಒಂದು ವ್ಯತ್ಯಾಸ ಗಮನಿಸಬೇಕು. ಪಂಡಾನ ಹತ್ತಿರ ಯಾತ್ರಿಕ ಹೋಗಬೇಕು. ಯಾತ್ರೆಗೆ ಹೋಗಲು ಶಕ್ತಿ ಇಲ್ಲದ ಒಣಬೇಸಾಯದ ರೈತನ ಮನೆಗೆ ಹೆಳವ ತಾನೇ ಬರುತ್ತಾನೆ.

ಎಷ್ಟು ನಂಬಬೇಕು?

ಹೊಗಳಿ ಪಡೆಯುವವನ ಮಾತನ್ನು ಎಷ್ಟು ನಂಬಬಹುದು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಮೂಲ ಪುರುಷ ದೊಡ್ಡವನಾಗಿರುತ್ತಾನೆ, ಬಂದ ಊರು ಪ್ರಸಿದ್ಧವಾಗಿರುತ್ತದೆ, ನಡುವಿನ ಎರಡು ಮೂರು ತಲೆಮಾರು ಒಂದಾಗಿ ಕೂಡಿಹೋಗಿರುತ್ತವೆ. ಆದರೆ ಈ ದೋಷ ಹೆಳವನ ಹೊತ್ತಿಗೆಗೆ ಮಾತ್ರ ಅಂಟಿದ್ದಲ್ಲ. ರಾಷ್ಟ್ರಕೂಟರು ತಾಮ್ರದ ಮೇಲೆ ಕೊರೆಸಿದ ವಂಶಾವಳಿಯನ್ನೇ ನೋಡಿ. ತಾವು ಯದುವಂಶದವರು ಎಂದರು. ಕೃಷ್ಣನ ಹಿರಿಯ ಮಗ ಇಮ್ಮಡಿ ಗೋವಿಂದನನ್ನು ಅವನ ತಮ್ಮ ಧ್ರುವ ಸಿಂಹಾಸನದಿಂದ ಇಳಿಸಿದ. ಮುಂದಿನ ಕೆಲವು ತಾಮ್ರಪಟಗಳಲ್ಲಿ ಆ ಅಣ್ಣನ ಹೆಸರೇ ಇಲ್ಲ.

ಒಕ್ಕಲು ಮನೆಯಲ್ಲೂ ಹೀಗೇ ಆಗುತ್ತದೆ. ಸಾಲಕ್ಕೆ ಹೊಲ ಕಳೆದುಕೊಂಡು ಊರು ಬಿಟ್ಟ ತಮ್ಮನ ಹೆಸರು ಪಹಣಿಯಿಂದ ಅಳಿಸುತ್ತದೆ. ಎರಡು ತಲೆಮಾರಿನಲ್ಲಿ ಮನೆಯವರ ಬಾಯಿಂದಲೂ ಅಳಿಸುತ್ತದೆ. ವಾಡಿಯಿಂದ ಸೇಡಂ ಮೂಲಕ ಸಿಕಂದರಾಬಾದಿಗೆ 1874ರಲ್ಲಿ ರೈಲು ಬಂತು. ಬೆನ್ನಿಗೇ 1876–78ರ ಘೋರ ಬರ. ಹಸಿದವರಿಗೆ ದೂರ ಹೋಗುವ ದಾರಿ ಆಗ ಕಣ್ಣೆದುರಿಗೇ ಇತ್ತು. ಮುಂದೆ ಪ್ಲೇಗು, 1918ರ ಇನ್‌ಫ್ಲುಯೆಂಜಾ. ಹೈದರಾಬಾದ್ ರಾಜ್ಯದ ಜನಸಂಖ್ಯೆ 1911ರಿಂದ 1921ರ ನಡುವೆ ಸುಮಾರು ಒಂಬತ್ತು ಲಕ್ಷ ಕುಗ್ಗಿತು. ಅಂಥ ಹತ್ತು ವರ್ಷಗಳಲ್ಲಿ ಎಷ್ಟು ಮನೆಗಳ ದೀಪ ಆರಿತು, ಎಷ್ಟು ಕೊಂಬೆಗಳು ಮುರಿದವು ಎಂಬುದನ್ನು ಪಹಣಿ ಹೇಳುವುದಿಲ್ಲ. ಊರು ಬಿಟ್ಟವನ ಮಕ್ಕಳನ್ನು ಹುಡುಕಿಕೊಂಡು ಹೋದ ಹೆಳವ ಹೇಳಬಲ್ಲ. ಏಕೆಂದರೆ ಅವರ ಮನೆಯೂ ಅವನ ಅನ್ನದ ಮನೆಯೇ.

ಆದ್ದರಿಂದ ಜಾಣತನವೆಂದರೆ ಎರಡನ್ನೂ ಒಂದರ ಮೇಲೊಂದಿಟ್ಟು ನೋಡುವುದು. ಕೊನೆಯ ನಾಲ್ಕೈದು ತಲೆಮಾರುಗಳಲ್ಲಿ ಹೆಳವನ ಪಟ್ಟಿ ಸೇತ್ವಾರಕ್ಕೆ ಹೊಂದಿಕೆಯಾದರೆ ಅದಕ್ಕಿಂತ ಹಿಂದಿನದನ್ನೂ ಗೌರವದಿಂದ ಕೇಳಬಹುದು. ಇನ್ನಷ್ಟು ಸಾಕ್ಷಿಗಳಿವೆ. ಹೊಲದ ಮೂಲೆಯಲ್ಲಿರುವ ಹಿರಿಯರ ಸಮಾಧಿಗಳು ಯಾವ ಹೊಲ ಎಂದಿನಿಂದ ಮನೆಯದು ಎಂಬುದನ್ನು ತೋರಿಸುತ್ತವೆ. ಅಡ್ಡಹೆಸರು ಹಳೆಯ ಹುದ್ದೆ ಹೇಳುತ್ತದೆ. ನಿಜಾಮರ ಕಾಲದಲ್ಲಿ ಕಂದಾಯಕ್ಕೊಬ್ಬ ಮಾಲಿಪಾಟೀಲ, ಕಾವಲಿಗೊಬ್ಬ ಪೊಲೀಸ್ ಪಾಟೀಲ ಇರುತ್ತಿದ್ದರು. ಈ ವಂಶಪಾರಂಪರ್ಯದ ಹುದ್ದೆಗಳು 1963ರ ಫೆಬ್ರುವರಿ 1ರಂದು ಕೊನೆಗೊಂಡರೂ ಅಡ್ಡಹೆಸರುಗಳು ನಮ್ಮ ನಡುವೆ ಉಳಿದಿವೆ. ಮಕ್ಕಳ ಜವಳ ತೆಗೆಸಲು ಯಾವ ದೇವರಿಗೆ ಹೋಗುತ್ತಾರೆ ಎಂಬುದೂ ಸುಳಿವೇ. ಯಾದಗಿರಿ ಹತ್ತಿರದ ಮೈಲಾಪುರದ ಮಲ್ಲಯ್ಯನೊ, ರಟಕಲ್ ಗುಡ್ಡದ ರೇವಣಸಿದ್ಧೇಶ್ವರನೊ, ಮೋತಕಪಲ್ಲಿಯ ಬಲಭೀಮಸೇನನೊ? ಮನುಷ್ಯ ಊರು ಬಿಡುತ್ತಾನೆ, ಮನೆದೇವರನ್ನು ಸುಲಭವಾಗಿ ಬಿಡುವುದಿಲ್ಲ.

ಯಾರ ಹೆಸರು ಎಲ್ಲೂ ಇಲ್ಲ?

ಇಷ್ಟೆಲ್ಲ ಕೂಡಿಸಿದ ಮೇಲೂ ಮರದ ಅರ್ಧ ಭಾಗ ಬೋಳಾಗಿಯೇ ಇರುತ್ತದೆ. ಹೆಣ್ಣುಮಕ್ಕಳು ಅಲ್ಲಿಲ್ಲ. ಹೆಳವನ ಪಟ್ಟಿ ಮುಖ್ಯವಾಗಿ ಗಂಡು ಸಂತಾನದ್ದು. ಸರ್ಕಾರದ ಕಾಗದದಲ್ಲಿ ಹೆಣ್ಣು ಬರುವುದು ಹೆಚ್ಚಾಗಿ ವಿಧವೆಯಾದಾಗ, ‘ಜೌಜೆ’ ಎಂದರೆ ಇಂಥವನ ಹೆಂಡತಿ ಎಂಬ ಗುರುತಿನೊಂದಿಗೆ. ಗಂಡುಮಕ್ಕಳಿಲ್ಲದ ಮನೆಗೆ ಮನೆಅಳಿಯ ಬಂದಾಗ, ಮಗಳನ್ನು ಬಸವಿ ಬಿಟ್ಟಾಗ, ವಂಶ ಮಗಳಿಂದಲೇ ಮುಂದುವರಿದಿದೆ. ಬಸವಿ ಬಿಡುವ ಪದ್ಧತಿ ದೇವದಾಸಿ ಪದ್ಧತಿಯೊಂದಿಗೆ 1982ರ ಕಾನೂನಿನಿಂದ ನಿಷಿದ್ಧವಾಗಿದೆ. ಆದರೆ ಆ ಹೆಣ್ಣುಮಗಳಿಂದ ಬೆಳೆದ ಮನೆಗಳು ತಮ್ಮ ವಂಶಾವಳಿ ಹೇಳುವಾಗ ಅವಳ ಹೆಸರನ್ನು ಹಾರಿಸಿ ಅವಳ ಅಪ್ಪನ ಹೆಸರಿಗೆ ಜಿಗಿಯುವುದುಂಟು.

ಹೊಲವಿಲ್ಲದವರೂ ಅಲ್ಲಿಲ್ಲ. ಆ ಹೊಲದಲ್ಲಿ ತಲೆತಲಾಂತರ ದುಡಿದ ಜೀತದವರಿಗೆ ಸರ್ವೆ ನಂಬರಿಲ್ಲ, ಹೆಳವನೂ ಇಲ್ಲ. ಹೈದರಾಬಾದ್ ಸರ್ಕಾರ 1936ರಲ್ಲಿ ಭಾಗೇಲಾ ಎಂಬ ಸಾಲದ ಜೀತದ ಕರಾರುಗಳಿಗೆ ಮಿತಿ ಹಾಕಲು ನಿಯಮ ತರಬೇಕಾಯಿತು. ಅಂದರೆ ಸಾಲ ಬರೆದಿಡುವ ಕಾಗದದಲ್ಲಿ ಆ ಮನುಷ್ಯನಿಗೆ ಜಾಗವಿತ್ತು, ಹೊಲ ಬರೆದಿಡುವ ಕಾಗದದಲ್ಲಿ ಇರಲಿಲ್ಲ. ಅಮೆರಿಕದ ಗುಲಾಮರ ಪಟ್ಟಿಗೂ ನಮ್ಮ ಪಹಣಿಯ ಮೌನಕ್ಕೂ ಅಂತರ ಬಹಳವಿಲ್ಲ. ಇಂಥ ಮನೆಗಳಿಗೆ ಸಿಗುವ ಮೊದಲ ಕಾಗದವೆಂದರೆ ಬಹುಶಃ ಮಗನನ್ನು ಶಾಲೆಗೆ ಸೇರಿಸಿದ ದಿನದ ದಾಖಲಾತಿ ಪುಸ್ತಕ, ಮತದಾರರ ಪಟ್ಟಿ, ಇಲ್ಲವೆ ಸರ್ಕಾರ ಮಂಜೂರು ಮಾಡಿದ ಎರಡೆಕರೆಯ ಆದೇಶ. ಅವೂ ವಂಶಾವಳಿಯ ಆಕರಗಳೇ. ಅವನ್ನು ತಾಮ್ರಪಟದಷ್ಟೇ ಜೋಪಾನ ಮಾಡಬೇಕು.

ಇಲ್ಲಿಯೇ ಆಯಿಯಂದಿರ ನೆನಪಿನ ಬೆಲೆ ತಿಳಿಯುವುದು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಸೋದರಮಾವ ಯಾರು, ಬಾಣಂತನದಲ್ಲಿ ತೀರಿಕೊಂಡ ಮೊದಲ ಹೆಂಡತಿ ಯಾರ ಮನೆಯವಳು, ಮದುವೆಯಲ್ಲಿ ಯಾರಿಗೆ ಯಾವ ಉಡುಗೊರೆ ಸಲ್ಲಬೇಕು, ಇವನ್ನು ಗಂಡಸರು ಮರೆತರೂ ಹೆಂಗಸರು ಮರೆತಿಲ್ಲ. ಮುಧೋಳದಂಥ ಗಡಿಯ ಊರುಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನಿನ್ನೆಯವರೆಗೆ ಒಂದೇ ಉರ್ದು ದಫ್ತರದಲ್ಲಿದ್ದ ಬೀಗರ ಮನೆಗಳಲ್ಲಿ ಒಂದರ ಕಾಗದ ಕನ್ನಡಕ್ಕೆ, ಇನ್ನೊಂದರ ಕಾಗದ ತೆಲುಗಿಗೆ ತಿರುಗಿತು. ನಿಜಾಮರ ಸರ್ಕಾರದ ಹಳೆಯ ದಫ್ತರಗಳ ದೊಡ್ಡ ಭಾಗ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದಲ್ಲೇ ಉಳಿಯಿತು. ರಾಜ್ಯಗಳ ಗೆರೆ ದಾಟಿದ ನಂಟನ್ನು ಹಿಡಿದಿಟ್ಟದ್ದು ಹೆಣ್ಣುಮಕ್ಕಳ ತವರಿನ ಓಡಾಟ.

ಈಗ ಯಾಕೆ?

ಇದು ಹಳೆಯದನ್ನು ನೆನೆದು ಸಂತೋಷಪಡುವವರ ಹವ್ಯಾಸ ಮಾತ್ರವೆಂದು ತಿಳಿಯಬಾರದು. ತಂದೆ ತೀರಿದ ಮೇಲೆ ಪೌತಿ ಖಾತೆ ಮಾಡಿಸಲು ಹೋದ ಪ್ರತಿ ರೈತನಿಗೂ ವಂಶವೃಕ್ಷ ಕೇಳುತ್ತಾರೆ. ಅದರಲ್ಲಿ ಯಾರನ್ನು ಬರೆದರು, ಯಾರನ್ನು ಬಿಟ್ಟರು ಎಂಬುದರ ಮೇಲೆ ಜಮೀನಿನ ಪಾಲು, ಕಾರ್ಖಾನೆಗೋ ರಸ್ತೆಗೋ ಹೋದ ಭೂಮಿಯ ಪರಿಹಾರ, ಎಲ್ಲವೂ ನಿಂತಿದೆ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳಿಲ್ಲದ ವಂಶವೃಕ್ಷ ಇನ್ನು ಬರಿಯ ಹಳೆಯ ರೂಢಿಯಲ್ಲ, ಅನ್ಯಾಯದ ಕಾಗದ.

ಕುಟುಂಬದ ವಂಶಾವಳಿಯಲ್ಲಿ ಬರೆದಿಟ್ಟ ಸಂಬಂಧದ ಮಾತಿಗೆ 1872ರ ಸಾಕ್ಷ್ಯ ಕಾಯ್ದೆ ಕೆಲವು ಷರತ್ತುಗಳೊಂದಿಗೆ ಬೆಲೆ ಕೊಟ್ಟಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯೂ ಆ ಮಾತನ್ನು ಉಳಿಸಿಕೊಂಡಿದೆ. ಮುಖ್ಯವಾದದ್ದು, ವ್ಯಾಜ್ಯ ಹುಟ್ಟುವ ಮೊದಲೇ ಬರೆದಿಟ್ಟಿರಬೇಕು. ಜಗಳ ಶುರುವಾದ ಮೇಲೆ ಬರೆದ ವಂಶಾವಳಿಯನ್ನು ನ್ಯಾಯಾಲಯವೂ ನಂಬದು, ನೆರೆಯವನೂ ನಂಬ.

ಕೆಲಸ ದೊಡ್ಡದಲ್ಲ. ಒಂದು ನೋಟುಬುಕ್ಕು, ಮನೆಯ ಹಿರಿಯರ ಎದುರು ಕೂಡಲು ನಾಲ್ಕು ಸಂಜೆ. ಮೊದಲು ಬದುಕಿರುವವರು, ಆಮೇಲೆ ಅವರು ಕಣ್ಣಾರೆ ಕಂಡವರು, ಆಮೇಲೆ ಅವರು ಕೇಳಿ ತಿಳಿದವರು. ಮೂರನ್ನೂ ಬೇರೆಬೇರೆಯಾಗಿ ಬರೆಯಬೇಕು. ಗಂಡು ಹೆಣ್ಣು ಇಬ್ಬರ ಹೆಸರೂ ಇರಬೇಕು. ಕೊಟ್ಟ ಊರು, ತಂದ ಊರು ಇರಬೇಕು. ಹಳೆಯ ಪಹಣಿಯ ನಕಲು ಪಡೆದು ಉರ್ದು ಬಲ್ಲವರಿಂದ ಓದಿಸಬೇಕು. ಹಳೆಯ ಮಾಧ್ಯಮದಲ್ಲಿ ಓದಿದ, ಆ ಕೈಬರಹ ಪರಿಚಯವಿರುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೆಳವ ಬಂದಾಗ ಒಂದು ಸೇರು ಜೋಳ ಕೊಟ್ಟು ಬಾಗಿಲಿನಿಂದಲೇ ಕಳಿಸದೆ, ಕೂಡಿಸಿ ಹೇಳಿಸಿ ಬರೆದುಕೊಳ್ಳಬೇಕು. ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ, ಹಿಡಿಯಲೂ ಬೇಕು. ಆದರೆ ಅಟ್ಟದ ಮೇಲೆ ಕಟ್ಟಿಟ್ಟ ಆ ಹೊತ್ತಿಗೆಗಳು ಗೆದ್ದಲಿಗೆ ಆಹಾರವಾಗುವ ಮುಂಚೆ ವಿಶ್ವವಿದ್ಯಾಲಯಗಳೂ ಪತ್ರಾಗಾರವೂ ಅವರ ಒಪ್ಪಿಗೆ ಪಡೆದು, ತಕ್ಕ ಗೌರವಧನ ಕೊಟ್ಟು, ನಕಲು ಮಾಡಿಸಿಕೊಳ್ಳುವುದು ಒಳ್ಳೆಯದು.

ಮಳಖೇಡದ ಅರಸನಿಗೆ ತನ್ನ ಹೆಸರು ಉಳಿಯಬೇಕೆಂಬ ಆಸೆಯಿತ್ತು, ಅದನ್ನು ತಾಮ್ರದ ಮೇಲೆ ಕೊರೆಸುವ ಶಕ್ತಿಯೂ ಇತ್ತು. ಅವನ ಕಣಜ ತುಂಬಿಸಿದವರ ಮಕ್ಕಳ ಮಕ್ಕಳಿಗೆ ಆ ಶಕ್ತಿ ಇರಲಿಲ್ಲ. ಈಗ ಅಕ್ಷರ ಇದೆ, ಕಾಗದ ಇದೆ. ಇನ್ನು ಬೇಕಾದದ್ದು ಹಿರಿಯರ ಮುಂದೆ ಕುಳಿತು ಕೇಳುವ ವ್ಯವಧಾನ.